ಅತ್ತೆಯ ಜೊತೆ ಬುರುಡೆ ನೋಡಲು ಹೋದದ್ದು

ನಮ್ಮ ಸೋದರತ್ತೆಗೆ ಹೆದರುವುದಕ್ಕೆ ಬರುವುದಿಲ್ಲ. ಅವರ ಪಾಲಿನ ಹೆದರಿಕೆಯನ್ನೂ ಸೇರಿಸಿ ನಾನೇ ಹೆದರಬೇಕು! ಮಕ್ಕಳ ಆಸ್ಪತ್ರೆಯಲ್ಲಿ ಜೀವಮಾನವಿಡೀ ನರ್ಸ್ ಆಗಿದ್ದು, ಈಗ ನಿವೃತ್ತರಾಗಿ ಕುಕ್ ಟೌನಿನಲ್ಲಿದ್ದಾರೆ. ಶಿವಾಜಿನಗರದ ಬಸ್ ನಿಲ್ದಾಣದೆದುರು ರಸ್ತೆ ದಾಟುವಾಗ ಅವರು ಎಡಬಲ ನೋಡುವವರಲ್ಲ. ಕೈ ಎತ್ತುತ್ತಾರೆ, ನಡೆಯುತ್ತಾರೆ. ಒಮ್ಮೆ ಗಕ್ಕನೆ ಬ್ರೇಕ್ ಹಾಕಿದ ಬಸ್ಸಿನ ಡ್ರೈವರ್ ತಲೆ ಹೊರಹಾಕಿ, "ಏನಮ್ಮಾ, ಮನೇಲಿ ಹೇಳ್ಬಿಟ್ ಬಂದಿದ್ದೀಯಾ?" ಎಂದು ಕೂಗಿದ. ಅತ್ತೆ ಅವನನ್ನೇ ದಿಟ್ಟಿಸಿ, "ನಿನ್ನ ಎಲ್ಲೋ ನೋಡಿದೀನಲ್ಲ... ಇಂಜೆಕ್ಷನ್‌ಗೆ ಹೆದರ್ಕೊಂಡು ಮಂಚದ ಕೆಳಗೆ ಬಚ್ಚಿಟ್ಕೊಂಡಿದ್ದೋನು ನೀನೇ ಅಲ್ವಾ?" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಮಾತ್ರ ಫುಟ್‌ಪಾತಿನಲ್ಲಿ ನಿಂತು ನಡುಗುತ್ತಿದ್ದೆ.

ಇಂಥವರನ್ನು ಕಟ್ಟಿಕೊಂಡು ಪೆರು ದೇಶಕ್ಕೆ ಯಾರಾದರೂ ಹೋಗುತ್ತಾರೆಯೇ? ನಾನು ಹೋದೆ! ಆಫೀಸಿನ ಕೆಲಸ ಮುಗಿಸಿ ಆಂಡಿಸ್ ಬೆಟ್ಟಗಳ ನಡುವಿನ ಅರೆಕಿಪಾ ಊರನ್ನು ನೋಡಿ ಬರುವ ಯೋಚನೆಯಿತ್ತು. ಅಲ್ಲಿನ ಮ್ಯೂಸಿಯಮ್ಮುಗಳಲ್ಲಿ ಹಳೆಯ ಕಾಲದ ಬುರುಡೆಗಳಿವೆ ಎಂದು ಅತ್ತೆಯ ಮುಂದೆ ಬಾಯಿ ಜಾರಿತು. "ಅಯ್ಯೋ, ಬುರುಡೆನಾ? ನಾನೂ ಬರ್ತೀನಿ" ಎಂದವರು ಬಂದೇ ಬಿಟ್ಟರು.

ಸ್ಪೇನಿನವರು ಬಿಳಿ ಕಲ್ಲಿನಲ್ಲಿ ಕಟ್ಟಿದ ಚೆಂದದ ಊರು. ಆದರೆ ಅದರ ನೆತ್ತಿಯ ಮೇಲೇ ಒಂದು ಜ್ವಾಲಾಮುಖಿ ಕೂತಿದೆ! ಕಟ್ಟಡಗಳೊಳಗೆ ಅಲ್ಲಲ್ಲಿ 'ಎಸ್' ಅಕ್ಷರದ ಹಸಿರು ಫಲಕಗಳು. ಭೂಕಂಪವಾದರೆ ಇಲ್ಲಿ ನಿಲ್ಲಿ ಎಂದು ಅರ್ಥವಂತೆ. ಅದು ತಿಳಿದ ಗಳಿಗೆಯಿಂದ ಒಂದು ಎಸ್‌ನಿಂದ ಇನ್ನೊಂದು ಎಸ್‌ಗೆ ಓಡುತ್ತಲೇ ನಾನು ಊರು ನೋಡಿದ್ದು. ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ, "ಎಸ್ ಅಂದ್ರೆ ಸೀನಿಯರ್ ಸಿಟಿಜನ್ ಕಣೋ. ಜಾಗ ಬಿಡು!" ಎಂದು ತಾವು ನಿಂತರು.

ಮೊದಲ ಮ್ಯೂಸಿಯಮ್ಮಿನಲ್ಲಿ ಸಾಲುಸಾಲು ಬುರುಡೆಗಳು. ಒಂದರ ನೆತ್ತಿಯಲ್ಲಿ ದುಂಡನೆಯ ತೂತು. ಆ ಕಾಲದಲ್ಲೇ ತಲೆ ಕೊರೆದು ಚಿಕಿತ್ಸೆ ಮಾಡಿದ್ದರಂತೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆ ಗಾಜಿಗೆ ಮೂಗು ಒತ್ತಿ, "ತೂತಿನ ಅಂಚು ನೋಡೋ, ಮೂಳೆ ಬೆಳ್ಕೊಂಡಿದೆ. ಪೇಷಂಟ್ ಬದುಕಿದಾನೆ!" ಎಂದು ಕುಣಿದಾಡಿ, ಪಕ್ಕದಲ್ಲಿದ್ದ ಕಾವಲುಗಾರನ ಕೈ ಕುಲುಕಿದರು. ಪಾಪ, ಆಪರೇಷನ್ ಮಾಡಿದವನು ತಾನೇ ಎಂಬಂತೆ ಅವನೂ ತಲೆಬಾಗಿದ!

ಎರಡನೆಯ ಮ್ಯೂಸಿಯಂ ಹಾಗಿರಲಿಲ್ಲ. ಒಳಗೆ ಮಬ್ಬುಗತ್ತಲೆ, ಕೋಣೆಯಿಂದ ಕೋಣೆಗೆ ಹೆಚ್ಚುವ ಚಳಿ. ಮನುಷ್ಯರ ಮುಖವಿದ್ದ ಮಡಕೆಯೊಂದನ್ನು ನೋಡಿ ತಿರುಗುತ್ತೇನೆ, ಅತ್ತೆ ಇಲ್ಲ! ಅವರಿಗೆ ಅಲ್ಲಿನ ಭಾಷೆ ಬಾರದು, ಅವರ ಫೋನು ನನ್ನ ಚೀಲದಲ್ಲಿ. ಬೆಳಗ್ಗೆಯಿಂದ ಮೆಟ್ಟಿಲು ಹತ್ತಿದಾಗಲೆಲ್ಲ ಏದುಸಿರು ಬಿಡುತ್ತಿದ್ದರು, ಎಲ್ಲಾದರೂ ಕುಸಿದುಬಿದ್ದರೆ? "ಅತ್ತೇ!" ಎಂದೆ. ನನ್ನ ದನಿಯೇ ವಾಪಸು ಬಂತು. ಓಡಿದೆ. ಒಂದು ಕೋಣೆ, ಇನ್ನೊಂದು ಕೋಣೆ. ಮನೆಯವರಿಗೆ ಫೋನು ಮಾಡಿ ಏನು ಹೇಳಬೇಕೆಂಬ ಮಾತೂ ಬಾಯಲ್ಲಿ ಸಿದ್ಧವಾಗತೊಡಗಿತು. ಅದರಿಂದ ಇನ್ನಷ್ಟು ಭಯವಾಯಿತು.

ಕೊನೆಯ ಕೋಣೆಯಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದರು. ಎದುರಿಗೆ ಮಂಜುಗಟ್ಟಿದ ಗಾಜಿನ ಪೆಟ್ಟಿಗೆ. ಅದರೊಳಗೆ ಮೊಣಕಾಲು ಮಡಚಿ ಕೂತ ಪುಟ್ಟ ಹುಡುಗಿ. ನೂರಾರು ವರ್ಷಗಳ ಹಿಂದೆ ಬೆಟ್ಟದ ತುದಿಗೆ ಕರೆದೊಯ್ದು ದೇವರಿಗೆ ಬಲಿಕೊಟ್ಟ ಮಗು. ಹಿಮದಲ್ಲಿ ಕೆಡದೆ ಉಳಿದಿತ್ತು. ನನಗೆ ಆ ಮುಖ ನೋಡಲಾಗಲಿಲ್ಲ.

"ಅತ್ತೆ, ಏನಾಯ್ತು? ಉಸಿರು ಕಟ್ತಿದೆಯಾ?"

ಅವರು ಕಣ್ಣು ಕದಲಿಸಲಿಲ್ಲ. "ಆಪರೇಷನ್‌ಗೆ ಕರ್ಕೊಂಡ್ ಹೋಗುವಾಗ ಮಕ್ಕಳೆಲ್ಲ ಕೇಳೋದು ಒಂದೇ ಕಣೋ. 'ನಮ್ಮಮ್ಮ ಹೊರಗಡೆನೇ ಇರ್ತಾಳಾ?' ಅಂತ. ಇರ್ತಾಳೆ ಚಿನ್ನ ಅಂದ್ರೆ ಸಾಕು, ಧೈರ್ಯವಾಗಿ ಒಳಗೆ ಬರ್ತಿದ್ವು." ಗಾಜಿನ ಹತ್ತಿರಕ್ಕೆ ಸರಿದರು. "ಈ ಮಗು ಯಾರನ್ನ ಕೇಳ್ತೋ. ಅವರು ಏನಂದ್ರೋ."

"ಹೋಗೋಣ, ಏಳಿ. ಇಲ್ಲಿ ಚಳಿ" ಎಂದೆ.

"ನೀನು ಹೋಗಿ ಕಾಫಿ ಕುಡಿ. ನಾನು ಸ್ವಲ್ಪ ಇರ್ತೀನಿ."

ನಾನು ಹೋಗಲಿಲ್ಲ. ಪಕ್ಕದಲ್ಲೇ ಕೂತೆ. ಬಾಗಿಲು ಹಾಕುವ ಹೊತ್ತಾಗಿ ದೀಪಗಳು ಒಂದೊಂದಾಗಿ ಆರುವವರೆಗೂ ಅತ್ತೆ ಆ ಗಾಜಿನ ಹೊರಗಡೆಯೇ ಇದ್ದರು.