ಐವರ ಟಿಕೆಟ್ಟಿನ ಐದನೆಯ ಜಾಗವನ್ನು ಕುರಿತು

ವಾರಾಂತ್ಯ ಶಾಖೆ, ವಿದೇಶಿ ವಿದ್ಯಾರ್ಥಿಗಳ ವಸತಿನಿಲಯ, ಬಾಂಬರ್ಗ್, ಜರ್ಮನಿ
ಸಂಖ್ಯೆ: ವಾಶಾ/ಐಟಿ/4+1
ದಿನಾಂಕ: ನವೆಂಬರ್ ತಿಂಗಳ ಎರಡನೆಯ ಮಂಗಳವಾರ

ಸುತ್ತೋಲೆ

ವಿಷಯ: ಭಾನುವಾರದ ಪ್ರವಾಸಗಳಲ್ಲಿ ಐವರ ಟಿಕೆಟ್ಟಿನ ಖಾಲಿ ಜಾಗಕ್ಕೆ ಅಪರಿಚಿತ ಹಿರಿಯರನ್ನು ಸೇರಿಸಿಕೊಳ್ಳುವುದು, ಅವರ ಹಿಂದೆಯೇ ಹೋಗುವುದು ಹಾಗೂ ಸಕಾಲಕ್ಕೆ ಮರಳದಿರುವುದರ ಬಗ್ಗೆ.

ಉಲ್ಲೇಖ:
1) ಗೇಟಿನ ಹಾಜರಿ ಪುಸ್ತಕ, ಭಾನುವಾರದ ಪುಟ.
2) ಕೊಠಡಿ ಸಂಖ್ಯೆ 31ರ ಕುಮಾರಿ ಔಶ್ರಾ ಇವರ ಹೇಳಿಕೆ, ಸೋಮವಾರ ಬೆಳಿಗ್ಗೆ.
3) ಮೇಲಿನ ಕಚೇರಿಯ ದೂರವಾಣಿ ಕರೆ, ಸೋಮವಾರ ಮಧ್ಯಾಹ್ನ.
4) ಕೋಬುರ್ಗ್ ಕೋಟೆಯ ಚಿತ್ರವಿರುವ ಒಂದು ಅಂಚೆ ಕಾರ್ಡು (ಸದ್ಯ ಒಹಾಯೋ ರಾಜ್ಯದ ದಾರಿಯಲ್ಲಿದೆ).

ಪ್ರಸ್ತಾವನೆ:

ಒದ್ದೆಯಾದ ಉಣ್ಣೆ ಕೋಟು ಬಿಸಿನೀರಿನ ಕೊಳವೆಯ ಮೇಲೆ ಒಣಗುವಾಗ ಏಳುವ ವಾಸನೆ, ಅಂದರೆ ಕುರಿ, ಹಬೆ ಮತ್ತು ನುಸಿಗುಳಿಗೆ ಮೂರೂ ಕೂಡಿದ ವಾಸನೆ, ಈ ಶಾಖೆಯ ಅಧೀಕ್ಷಕಿಯವರಿಗೆ ಆರನೆಯ ವಯಸ್ಸಿನಿಂದ ಪರಿಚಿತವಾಗಿರುತ್ತದೆ. ಚಳಿಗಾಲದಲ್ಲಿ ರೈಲು ಹತ್ತಿದೊಡನೆ ಅವರ ಅಜ್ಜಿ ಕಿಟಕಿಯ ಕೆಳಗಿನ ಕೊಳವೆಯ ಮೇಲೆ ಇಬ್ಬರ ಕೋಟುಗಳನ್ನೂ ಹರಡುತ್ತಿದ್ದರು. ಈ ಸೋಮವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಅದೇ ವಾಸನೆ ಅನುಮತಿ ಪಡೆಯದೆ ಕಚೇರಿಯನ್ನು ಪ್ರವೇಶಿಸಿತು. ಅದರ ಹಿಂದೆಯೇ ಕುಮಾರಿ ಔಶ್ರಾ ಪ್ರವೇಶಿಸಿದರು. ವಾಸನೆಯ ಮೇಲೆ ಕ್ರಮ ಕೈಗೊಳ್ಳಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ಕುಮಾರಿಯವರ ಪ್ರಕರಣವನ್ನು ಮಾತ್ರ ಪರಿಶೀಲನೆಗೆ ತೆಗೆದುಕೊಳ್ಳಲಾಯಿತು.

ಸದರಿ ಕುಮಾರಿಯವರು ಲಿಥುವೇನಿಯಾದವರು. ಒಂದು ವರ್ಷದ ವಿದ್ಯಾರ್ಥಿವೇತನದ ಮೇಲೆ ಇಲ್ಲಿ ಓದಲು ಬಂದಿರುತ್ತಾರೆ. ವಿದ್ಯಾರ್ಥಿವೇತನವು ಕೊಠಡಿಗೆ ಗಂಟು ಬಿದ್ದಿದೆ, ಕೊಠಡಿಯು ಹಾಜರಿಗೆ ಗಂಟು ಬಿದ್ದಿದೆ. ಭಾನುವಾರ ಸಂಜೆ ಏಳರಿಂದ ಎಂಟರೊಳಗೆ ಗೇಟಿನ ಪುಸ್ತಕದಲ್ಲಿ ಸಹಿ ಮಾಡದವರಿಗೆ ಒಂದು ಕೆಂಪು ಗುರುತು. ಮೂರು ಗುರುತು ಬಿದ್ದರೆ ಕೊಠಡಿ ಖಾಲಿ ಮಾಡಿ ಊರಿಗೆ ಹೊರಡತಕ್ಕದ್ದು. ಇವರಿಗೆ ಈಗಾಗಲೇ ಎರಡು ಗುರುತುಗಳಿವೆ. ಮೊದಲನೆಯದು, ರೈಲನ್ನು ಎಂದಿನಂತೆ ನಡುವಿನ ನಿಲ್ದಾಣದಲ್ಲಿ ಎರಡು ಭಾಗ ಮಾಡಿದಾಗ, ಇವರು ನಿದ್ರಿಸುತ್ತಿದ್ದ ಬೋಗಿ ಬೇರೆ ಊರಿಗೆ ಹೋದದ್ದಕ್ಕೆ. ಎರಡನೆಯದು, ಅಕ್ಟೋಬರಿನ ಕೊನೆಯ ಭಾನುವಾರ ಚಳಿಗಾಲದ ವೇಳೆಗೆಂದು ಈ ದೇಶದಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದಾಗ ಇವರು ಮುಂದಕ್ಕೆ ತಿರುಗಿಸಿ, ಏಳಕ್ಕೆ ತೆರೆಯುವ ಪುಸ್ತಕಕ್ಕೆ ಆರಕ್ಕೇ ಸಹಿ ಹಾಕಿ ಮಲಗಿದ್ದಕ್ಕೆ. ಮುಂಚಿತವಾಗಿ ಮಾಡಿದ ಸಹಿ ಸಹಿಯಲ್ಲವೆಂದು ಆಗಲೇ ಸ್ಪಷ್ಟಪಡಿಸಲಾಗಿದೆ.

ಕಳೆದ ಭಾನುವಾರ ಇವರು ಎಂಟಕ್ಕೂ ಬರಲಿಲ್ಲ, ಒಂಬತ್ತಕ್ಕೂ ಬರಲಿಲ್ಲ. ಗೇಟಿನ ಕಾವಲುಗಾರ ಶ್ರೀ ಎಗ್ಲೋಫ್ ಇವರು ಇಪ್ಪತ್ತಾರು ವರ್ಷಗಳಿಂದ ಸುಳ್ಳು ಬರೆದವರಲ್ಲ. ಮುಕ್ಕಾಲು ಗಂಟೆ ಹೆಚ್ಚಾಗಿಯೇ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕುಳಿತು, ಕೊನೆಗೆ ಶಾಯಿಯಲ್ಲಿ "ಗೈರು" ಎಂದು ಬರೆದರು. ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಬುಧವಾರ ಮಧ್ಯಾಹ್ನದೊಳಗೆ ಕೊಠಡಿ 31 ಖಾಲಿಯಾಗಿರಬೇಕೆಂದು ಮೇಲಿನ ಕಚೇರಿಯು ದೂರವಾಣಿಯಲ್ಲಿ ತಿಳಿಸಿದೆ. ಜೊತೆಗೆ, ಇಂಥ ಪ್ರಸಂಗ ಮರುಕಳಿಸದಂತೆ ಕಟ್ಟುನಿಟ್ಟಾದ ಸುತ್ತೋಲೆಯೊಂದನ್ನು ಹೊರಡಿಸುವಂತೆಯೂ ಸೂಚಿಸಿದೆ. ಅದರಂತೆ ಇದನ್ನು ಹೊರಡಿಸಲಾಗಿದೆ.

ಪ್ರಕರಣದ ಸಂಗತಿಗಳು:

ನಿಧಾನದ ರೈಲುಗಳಲ್ಲಿ ಐದು ಜನ ಒಂದೇ ಟಿಕೆಟ್ಟಿನಲ್ಲಿ ದಿನವಿಡೀ ಓಡಾಡಬಹುದು. ನಮ್ಮ ವಿದ್ಯಾರ್ಥಿಗಳ ವಾರಾಂತ್ಯವೆಲ್ಲ ನಿಂತಿರುವುದೇ ಇದರ ಮೇಲೆ. ನಾಲ್ಕೇ ಜನರಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ಐದನೆಯವರೊಬ್ಬರು ಸಿಕ್ಕೇ ಸಿಗುತ್ತಾರೆ. ಐವರ ಹೆಸರನ್ನೂ ಟಿಕೆಟ್ಟಿನ ಮೇಲೆ ಶಾಯಿಯಲ್ಲಿ ಬರೆಯಬೇಕು, ಹೆಸರಿದ್ದವರೆಲ್ಲ ಒಟ್ಟಿಗೇ ಹೋಗಬೇಕು.

ಭಾನುವಾರ ಬೆಳಿಗ್ಗೆ ಕುಮಾರಿ ಔಶ್ರಾ, ಒಹಾಯೋದ ಶ್ರೀ ಬ್ರೆನನ್ ಮತ್ತು ಇನ್ನಿಬ್ಬರು ಕೋಬುರ್ಗಿನ ಕೋಟೆ ನೋಡಲು ಹೊರಟು ನಿಂತಾಗ, ಎಂಬತ್ತಮೂರು ವರ್ಷದ ಶ್ರೀಮತಿ ಓಟಿಲಿ ಬ್ರೆಂಡೆಲ್ ಎಂಬುವರು ನಡಿಗೆಯ ಗಾಲಿಚೌಕಟ್ಟನ್ನು ತಳ್ಳಿಕೊಂಡು, ಅದರ ಬುಟ್ಟಿಯಲ್ಲಿ ಒಂದು ತಗಡಿನ ಡಬ್ಬಿಯನ್ನಿಟ್ಟುಕೊಂಡು ಬಂದು, ಐದನೆಯ ಜಾಗ ಖಾಲಿಯಿದೆಯೇ ಎಂದು ವಿಚಾರಿಸಿದರು. ಹಿರಿಯರೆಂಬ ಗೌರವದಿಂದ ವಿದ್ಯಾರ್ಥಿಗಳು ಮೊದಲ ಸಾಲಿನಲ್ಲೇ ಅವರ ಹೆಸರು ಬರೆಸಿದರು. ಮೊದಲ ಹೆಸರಿನವರೇ ಟಿಕೆಟ್ಟನ್ನು ಇಟ್ಟುಕೊಳ್ಳಬೇಕಾದದ್ದು ಎಂದು ಹೇಳಿ ಶ್ರೀಮತಿಯವರು ಅದನ್ನು ಮಡಿಸಿ ಕೈಚೀಲದಲ್ಲಿ ಹಾಕಿ, ಕೈಚೀಲದ ಕೊಂಡಿಯನ್ನು ಟಪ್ಪೆಂದು ಮುಚ್ಚಿದರು. ಪ್ರಕರಣದ ಮೂಲ ತಪ್ಪು ಇದೇ ಎಂದು ಕಂಡುಬಂದಿದೆ.

ಕೋಬುರ್ಗಿಗೆ ಎರಡು ನಿಲ್ದಾಣ ಮುಂಚೆ, ಹಿರ್ಷ್‌ಗ್ರಾಬೆನ್ ಎಂಬ ಹಳ್ಳಿಯಲ್ಲಿ, ಕೈಚೀಲ ಇಳಿಯಿತು. ಅದರ ಹಿಂದೆ ನಾಲ್ವರೂ ಇಳಿದರು. ಅಷ್ಟು ವಯಸ್ಸಾದವರನ್ನು ಟಿಕೆಟ್ ಕೊಡಿ ಎಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ಜಿಟಿಜಿಟಿ ಮಳೆಯಲ್ಲಿ ಒಂದೂವರೆ ಕಿಲೋಮೀಟರು ನಡೆದು ಒಂದು ಮನೆಯ ಗಂಟೆ ಒತ್ತಿದಾಗ, ಎಂಬತ್ತರ ಆಸುಪಾಸಿನ ಇನ್ನೊಬ್ಬ ಮಹಿಳೆ ಬಾಗಿಲನ್ನು ಒಂದು ಗೇಣು ತೆರೆದರು. ಅವರು ಶ್ರೀಮತಿಯವರ ತಂಗಿ ಎಂದೂ, ತಾಯಿಯ ಬಟ್ಟೆ ಬೀರು ಯಾರಿಗೆ ಸೇರಬೇಕೆಂಬ ವಿಷಯದಲ್ಲಿ ಏಳು ವರ್ಷಗಳಿಂದ ಅಕ್ಕತಂಗಿಯರಿಗೆ ಮಾತಿಲ್ಲವೆಂದೂ ವಿದ್ಯಾರ್ಥಿಗಳಿಗೆ ಆಮೇಲೆ ತಿಳಿಯಿತು. ಹೊಸ್ತಿಲಲ್ಲಿ ನಡೆದ ಮಾತುಕತೆಯನ್ನು ಹೇಳಿಕೆಯಲ್ಲಿರುವಂತೆಯೇ ದಾಖಲಿಸಲಾಗಿದೆ:

"ಇಷ್ಟೊಂದು ಜನಾನ ಯಾಕೆ ಕಟ್ಕೊಂಡು ಬಂದೆ?"

"ಒಬ್ಳೇ ಬಂದಿದ್ರೆ ನೀನು ಬಾಗ್ಲು ಹಾಕ್ಕೋತಿದ್ದೆ. ನಾಲ್ಕು ಮಕ್ಳು ನೆನೀತಾ ನಿಂತಿದ್ರೆ ಹೇಗೆ ಹಾಕ್ತೀಯ, ನೋಡೋಣ."

ಬಾಗಿಲು ಹಾಕಲಾಗಲಿಲ್ಲ. ಡಬ್ಬಿಯಲ್ಲಿದ್ದ ಪ್ಲಮ್ ಹಣ್ಣಿನ ಕೇಕನ್ನು ಆರು ತಟ್ಟೆಗೆ ಹಂಚಲಾಯಿತು. ಮಧ್ಯಾಹ್ನವೆಲ್ಲ ಅಕ್ಕತಂಗಿಯರು ವಿದ್ಯಾರ್ಥಿಗಳ ಮೂಲಕವೇ ಮಾತನಾಡಿದರು. ಹಾಲು ಬೇಕೇ ಎಂದು ಅವಳನ್ನು ಕೇಳಪ್ಪ ಎಂದು ಒಬ್ಬರು, ನನಗೆ ಹಾಲು ಆಗುವುದಿಲ್ಲ ಎಂಬುದು ಅವಳಿಗೆ ಮರೆತೇಹೋಯಿತಂತಾ ಕೇಳಪ್ಪ ಎಂದು ಇನ್ನೊಬ್ಬರು. ಹೀಗೆ ನಡುವೆ ಕುಳಿತ ಶ್ರೀ ಬ್ರೆನನ್ ಇವರ ಜರ್ಮನ್ ಭಾಷೆ ಆ ಒಂದೇ ದಿನ ಗಣನೀಯವಾಗಿ ಸುಧಾರಿಸಿದೆ ಎಂದು ಅವರ ಉಪಾಧ್ಯಾಯರು ವರದಿ ಮಾಡಿದ್ದಾರೆ. ಆರಕ್ಕೆ ಹತ್ತು ನಿಮಿಷವಿರುವಾಗ ಅಕ್ಕತಂಗಿಯರು ನೇರವಾಗಿ ಮಾತಿಗೆ ತೊಡಗಿದರು. ಬಾಂಬರ್ಗಿಗೆ ಮರಳುವ ಕೊನೆಯ ರೈಲು ಆರೂಕಾಲಿಗೆ.

ಆಗ ಕುಮಾರಿ ಔಶ್ರಾ ಆ ದಿನ ಯಾರೂ ಕೇಳದಿದ್ದನ್ನು ಕೇಳಿದರು. ಟಿಕೆಟ್ಟನ್ನು ಇಸಿದುಕೊಂಡು ಬ್ರೆನನ್ ಕೈಗೆ ಕೊಟ್ಟು, ಮೂವರನ್ನೂ ನಿಲ್ದಾಣಕ್ಕೆ ಓಡಿಸಿದರು. ಮೂರನೆಯ ಗುರುತು ಬೀಳುತ್ತದೆ, ನೀನೇ ಓಡು, ನಾವು ಇರುತ್ತೇವೆ ಎಂದು ಮೂವರೂ ವಾದಿಸಿದ್ದಾರೆ. ಗಾಲಿಚೌಕಟ್ಟನ್ನು ಕತ್ತಲಲ್ಲಿ ತಳ್ಳಿಕೊಂಡು ಬರುವ ಮುದುಕಿಯನ್ನು ಅವಸರಪಡಿಸಿದರೆ ಏಳು ವರ್ಷದ ಮಾತು ಅರ್ಧಕ್ಕೇ ನಿಲ್ಲುತ್ತದೆ, ಮುಗಿಯಲಿ, ಬೆಳಿಗ್ಗೆ ನಾನೇ ಕರೆತರುತ್ತೇನೆ, ನೀವು ತಡಮಾಡಿದರೆ ನಾಲ್ವರಿಗೂ ಗುರುತು ಎಂಬುದು ಕುಮಾರಿಯವರ ಉತ್ತರ. ಮೂವರೂ ಏಳೂ ನಲವತ್ತೇಳಕ್ಕೆ ಗೇಟಿನಲ್ಲಿ ಟಿಕೆಟ್ ತೋರಿಸಿ ಸಹಿ ಮಾಡಿದರು.

ಸೋಮವಾರ ಬೆಳಿಗ್ಗೆ ಕುಮಾರಿಯವರು ಇಬ್ಬರಿಗೂ ಹೊಸ ಟಿಕೆಟ್ ತೆಗೆಯಲು ಹೊರಟಾಗ ಶ್ರೀಮತಿಯವರು ತಡೆದು, ಅದೇ ಕೈಚೀಲದಿಂದ ಒಂದು ಕಾರ್ಡು ತೆಗೆದು ತೋರಿಸಿದರು. ನಡೆಯಲು ಕಷ್ಟವಿರುವವರಿಗೆ ಸರ್ಕಾರ ಕೊಡುವ ಉಚಿತ ಪ್ರಯಾಣದ ಕಾರ್ಡು. ಹತ್ತು ವರ್ಷಗಳಿಂದ ಅವರ ಬಳಿ ಇದೆ.

ಹಾಗಿದ್ದರೆ ನಮ್ಮ ಜೊತೆ ಯಾಕೆ ಸೇರಿಕೊಂಡಿರಿ ಎಂದು ಕುಮಾರಿಯವರು ಕೇಳಿದ್ದಕ್ಕೆ ಬಂದ ಉತ್ತರ: "ಟಿಕೆಟ್ ಇತ್ತು ಕಣಮ್ಮ. ಧೈರ್ಯ ಇರ್ಲಿಲ್ಲ."

ಆದೇಶ:

ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಎಲ್ಲ ನಿವಾಸಿಗಳಿಗೂ ಸಿಬ್ಬಂದಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಐವರ ಟಿಕೆಟ್ಟಿನಲ್ಲಿ ಹಿರಿಯರ ಹೆಸರನ್ನು ಮೊದಲು ಬರೆಯಲು ಅಡ್ಡಿಯಿಲ್ಲ. ಟಿಕೆಟ್ ಮಾತ್ರ ಅವರ ಕೈಚೀಲ ಸೇರಕೂಡದು.

2. ಸೇರಿದ್ದೇ ಆದಲ್ಲಿ, ಮರಳಿ ಕೇಳುವ ಕ್ರಮ ಹೀಗಿರತಕ್ಕದ್ದು: (ಅ) ಹವೆಯ ಬಗ್ಗೆ ಒಂದು ಮಾತು, (ಆ) ಮಂಡಿನೋವಿನ ಬಗ್ಗೆ ವಿಚಾರಣೆ, ಎಡ ಬಲ ಎರಡೂ, (ಇ) ತೀರಿಕೊಂಡ ಯಜಮಾನರ ಬಗ್ಗೆ ಅವರಾಗಿಯೇ ಹೇಳಿದರೆ ಪೂರ್ತಿ ಕೇಳುವುದು, (ಈ) ಆಮೇಲೆ ಟಿಕೆಟ್. (ಇ) ಹಂತದಲ್ಲಿ ಇಳಿಯಬೇಕಾದ ಊರು ದಾಟಿದಲ್ಲಿ ಶಾಖೆಯು ಜವಾಬ್ದಾರಿಯಲ್ಲ.

3. ಹಿರಿಯರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡವರು ಕಾಲು ಜೋಮು ಹಿಡಿದರೂ ಅದನ್ನು ಓರೆ ಮಾಡತಕ್ಕದ್ದಲ್ಲ. ಒಳಗೇನಿದೆ ಎಂದು ಕೇಳತಕ್ಕದ್ದಲ್ಲ. ವಾಸನೆ ತಾನಾಗಿ ಬಂದರೆ ಅದು ಕೇಳಿದಂತಾಗುವುದಿಲ್ಲ.

4. ಭಾನುವಾರ ಊರಿನಲ್ಲಿ ಮೌನದ ದಿನವಾಗಿರುವುದರಿಂದ ಚಕ್ರದ ಪೆಟ್ಟಿಗೆಗಳನ್ನು ಕಲ್ಲುಹಾಸಿನ ಬೀದಿಯಲ್ಲಿ ಎಳೆಯದೆ ಹೊತ್ತುಕೊಂಡು ಬರತಕ್ಕದ್ದು. ಒಂದು ದಿನದ ಪ್ರವಾಸಕ್ಕೆ ಶ್ರೀ ಬ್ರೆನನ್ ಇವರು ಒಯ್ಯುವ ಪೆಟ್ಟಿಗೆಯನ್ನು ಹೊರಲು ಇಬ್ಬರು ಬೇಕಾಗುವುದರಿಂದ ಅದು ಇನ್ನು ಮುಂದೆ ನಿಲಯದಲ್ಲೇ ಉಳಿಯತಕ್ಕದ್ದು.

5. ಕೋಟೆಯ ಚಿತ್ರದ ಕಾರ್ಡನ್ನು ಹೊರಡುವ ನಿಲ್ದಾಣದಲ್ಲೇ ಕೊಂಡು, "ಅಮ್ಮಾ, ಕೋಟೆ ತುಂಬಾ ಚೆನ್ನಾಗಿತ್ತು, ಮೇಲಿನಿಂದ ಇಡೀ ಊರು ಕಾಣುತ್ತಿತ್ತು" ಎಂದು ಬರೆದು, ಕೋಟೆ ನೋಡುವ ಮುನ್ನವೇ ಅಂಚೆಗೆ ಹಾಕಿರುವ ಶ್ರೀ ಬ್ರೆನನ್ ಇವರು, ಆ ಕಾರ್ಡು ತಾಯಿಯವರನ್ನು ತಲುಪುವುದರೊಳಗೆ ಕೋಟೆಗೆ ಹೋಗಿ, ಮೇಲೆ ಹತ್ತಿ, ಇಡೀ ಊರನ್ನು ನೋಡಿ, ಬರೆದದ್ದನ್ನು ನಿಜ ಮಾಡತಕ್ಕದ್ದು. ಮಂಜು ಕವಿದಿದ್ದಲ್ಲಿ ಮತ್ತೊಮ್ಮೆ ಹೋಗತಕ್ಕದ್ದು.

6. ಅಪರಿಚಿತ ಹಿರಿಯರನ್ನು ಟಿಕೆಟ್ಟಿಗೆ ಸೇರಿಸಿಕೊಳ್ಳುವುದನ್ನು ಮೇಲಿನ ಕಚೇರಿಯ ಅಪೇಕ್ಷೆಯಂತೆ ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. "ಅಪರಿಚಿತ" ಎಂಬ ಪದದ ಅರ್ಥವನ್ನು ಹೀಗೆ ನಿಗದಿಪಡಿಸಲಾಗಿದೆ: ಹೆಸರು ಹೇಳದವರು, ಡಬ್ಬಿ ತರದವರು, ಮತ್ತು ರೈಲು ಹತ್ತುವಾಗ ಯಾರ ತೋಳನ್ನೂ ಹಿಡಿಯದವರು. ಉಳಿದ ಹಿರಿಯರಾರೂ ಅಪರಿಚಿತರಲ್ಲ.

7. ಟಿಕೆಟ್ಟಿನಲ್ಲಿ ಹೆಸರಿರುವವರೆಲ್ಲ ಒಟ್ಟಿಗೇ ಪ್ರಯಾಣ ಮಾಡುತ್ತಾರೆ ಎಂಬುದು ರೈಲಿನ ನಿಯಮ. ಅದನ್ನು ಪ್ರಶ್ನಿಸುವ ಅಧಿಕಾರ ಈ ಶಾಖೆಗೂ ಇಲ್ಲ, ಮೇಲಿನ ಕಚೇರಿಗೂ ಇಲ್ಲ. ಭಾನುವಾರ ಏಳೂ ನಲವತ್ತೇಳಕ್ಕೆ ಗೇಟಿನಲ್ಲಿ ತೋರಿಸಲಾದ ಟಿಕೆಟ್ಟಿನಲ್ಲಿ ಕುಮಾರಿ ಔಶ್ರಾ ಇವರ ಹೆಸರು ಎರಡನೆಯ ಸಾಲಿನಲ್ಲಿ, ಅವರದೇ ಕೈಬರಹದಲ್ಲಿ, ಶಾಯಿಯಲ್ಲಿ ಇರುತ್ತದೆ. ಆದ್ದರಿಂದ ಸದರಿಯವರು ಏಳೂ ನಲವತ್ತೇಳಕ್ಕೆ ಗೇಟಿನಲ್ಲಿ ಹಾಜರಿದ್ದರು ಎಂದು ತೀರ್ಮಾನಿಸಲಾಗಿದೆ. ಅದೇ ವೇಳೆಯಲ್ಲಿ ಅವರು ಹಿರ್ಷ್‌ಗ್ರಾಬೆನ್ನಿನಲ್ಲಿ ತಟ್ಟೆ ತೊಳೆಯುತ್ತಿದ್ದದ್ದು ಈ ತೀರ್ಮಾನಕ್ಕೆ ಬಾಧಕವಾಗುವುದಿಲ್ಲ.

8. ಮೇಲಿನ ಕಲಮಿನ ಪ್ರಕಾರ ಶ್ರೀಮತಿ ಓಟಿಲಿ ಬ್ರೆಂಡೆಲ್ ಇವರೂ ಅದೇ ವೇಳೆಗೆ ವಸತಿನಿಲಯವನ್ನು ಪ್ರವೇಶಿಸಿರುತ್ತಾರೆ. ಹೊರಗೆ ಹೋದ ದಾಖಲೆ ಇಲ್ಲ. ಅವರಾಗಿ ಬಂದು ಸಹಿ ಮಾಡಿ ಹೊರಡುವವರೆಗೂ ಅವರು ಈ ನಿಲಯದ ನಿವಾಸಿ. ಬೆಳಗಿನ ಉಪಾಹಾರ, ಬಟ್ಟೆ ಒಗೆಯುವ ಯಂತ್ರದ ಸರದಿ ಮತ್ತು ನೆಲಮಾಳಿಗೆಯ ಟೇಬಲ್ ಟೆನಿಸ್ ಮೇಜಿನ ಮೇಲೆ ಅವರಿಗೆ ಸಮಾನ ಹಕ್ಕಿರುತ್ತದೆ.

9. ಹಾಜರಿ ಪುಸ್ತಕದ "ಗೈರು" ಎಂಬ ಪದವನ್ನು ಹೊಡೆದುಹಾಕತಕ್ಕದ್ದಲ್ಲ. ಶಾಯಿಯಲ್ಲಿ ಸೇರಿಸಬಾರದೆಂದು ನಿಯಮವಿಲ್ಲದ ಕಾರಣ, ಶ್ರೀ ಎಗ್ಲೋಫ್ ಇವರು ಅದರ ಮುಂದೆ "ಎಂದು ಕತ್ತಲಲ್ಲಿ ತೋರಿತು" ಎಂದು ಸೇರಿಸತಕ್ಕದ್ದು. ಇದು ಸುಳ್ಳಾಗುವುದಿಲ್ಲ. ಕತ್ತಲಿತ್ತು, ಹಾಗೆ ತೋರಿತ್ತು. ಈ ಕಲಮನ್ನು ಓದಿ ಕೇಳಿಸಿದಾಗ ಶ್ರೀ ಎಗ್ಲೋಫ್ ಇವರು, ಪೆನ್ನಿನ ಮುಚ್ಚಳ ಈಗಾಗಲೇ ತೆಗೆದಿದೆ ಎಂದು ತಿಳಿಸಿದ್ದಾರೆ.

10. ಆದುದರಿಂದ ಮೂರನೆಯ ಕೆಂಪು ಗುರುತು ಬಿದ್ದಿರುವುದಿಲ್ಲ. ಕೊಠಡಿ 31 ಖಾಲಿಯಾಗುವ ಪ್ರಶ್ನೆ ಉದ್ಭವಿಸುವುದಿಲ್ಲ. ಸದರಿಯವರು ಸೋಮವಾರದಿಂದ ಬಾಗಿಲು ಹಾಕಿಕೊಂಡು ಕಟ್ಟುತ್ತಿರುವ ಪೆಟ್ಟಿಗೆಯನ್ನು ತಕ್ಷಣ ಬಿಚ್ಚತಕ್ಕದ್ದು.

11. ಈ ಆದೇಶದ ಬಗ್ಗೆ ಮೇಲಿನ ಕಚೇರಿಗೆ ಸ್ಪಷ್ಟೀಕರಣ ಬೇಕಿದ್ದಲ್ಲಿ, ಸಂಬಂಧಪಟ್ಟ ಅಧಿಕಾರಿಗಳು ಒಂದು ಭಾನುವಾರ ಖುದ್ದಾಗಿ ನಿಧಾನದ ರೈಲಿನಲ್ಲಿ, ಐವರ ಟಿಕೆಟ್ಟಿನಲ್ಲಿ, ಐದನೆಯವರೊಬ್ಬರನ್ನು ಸೇರಿಸಿಕೊಂಡು ಬರತಕ್ಕದ್ದು. ಕೆಳಗೆ ಸಹಿ ಮಾಡಿರುವವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದು, ಆಮೇಲೆ ಬಂದವರಿಗೆ ಉತ್ತರಿಸಲು ಲಭ್ಯರಿರುವುದಿಲ್ಲ.

(ಸಹಿ)
ರೋಸ್ವಿತಾ ಡೀಮರ್
ಅಧೀಕ್ಷಕಿ, ವಾರಾಂತ್ಯ ಶಾಖೆ

ಪ್ರತಿಗಳು:

1. ಮೇಲಿನ ಕಚೇರಿಗೆ, ಮಾಹಿತಿಗಾಗಿ. ನಿಧಾನದ ಅಂಚೆಯಲ್ಲಿ, ಗುರುವಾರ ತಲುಪುವಂತೆ.

2. ಶ್ರೀ ಎಗ್ಲೋಫ್ ಇವರಿಗೆ, ಶಾಯಿಯೊಂದಿಗೆ.

3. ಶ್ರೀ ಬ್ರೆನನ್ ಇವರಿಗೆ. ಶನಿವಾರದ ಹವಾ ಮುನ್ಸೂಚನೆಯನ್ನು ಲಗತ್ತಿಸಿದೆ, ಕೋಬುರ್ಗಿನಲ್ಲಿ ಬಿಸಿಲು.

4. ಶ್ರೀಮತಿ ಓಟಿಲಿ ಬ್ರೆಂಡೆಲ್, ನಿವಾಸಿ, ಇವರಿಗೆ, ತಂಗಿಯವರ ಮನೆಯ ವಿಳಾಸಕ್ಕೆ. ಇಂದು ಬೆಳಿಗ್ಗೆ ಮತ್ತೆ ಅಲ್ಲಿಗೇ ಹೋಗಿರುವುದಾಗಿ ಅವರ ನೆರೆಯವರು ತಿಳಿಸಿದ್ದಾರೆ.

5. ಸೂಚನಾ ಫಲಕಕ್ಕೆ.

6. ಕುಮಾರಿ ಔಶ್ರಾ, ಕೊಠಡಿ 31. ಈ ಪ್ರತಿಯನ್ನು ಟಪಾಲಿಗೆ ಹಾಕಿರುವುದಿಲ್ಲ. ಅಧೀಕ್ಷಕಿಯವರು ಆಲೂಗಡ್ಡೆಯ ಉಂಡೆ ಮತ್ತು ಕೆಂಪು ಎಲೆಕೋಸಿನ ಪಲ್ಯವಿದ್ದ ತಟ್ಟೆಯ ಕೆಳಗೆ ಇದನ್ನಿಟ್ಟುಕೊಂಡು ತಾವೇ ಮಹಡಿ ಹತ್ತಿ, ಬಾಗಿಲು ತಟ್ಟಿ, ಕೊಟ್ಟು ಬಂದಿರುತ್ತಾರೆ. ಕುಮಾರಿಯವರ ಎರಡೂ ಕೈಗಳು ಬಿಸಿ ತಟ್ಟೆಯನ್ನು ಹಿಡಿದಿದ್ದರಿಂದ ಸ್ವೀಕೃತಿ ಸಹಿ ಪಡೆಯಲಾಗಿಲ್ಲ.