ಎದುರಂಗಡಿಯ ಬೆಳಕು

ಭಾಗ್ಯನಗರದ ವಿರುಪಣ್ಣ ತನ್ನ ಸೀರೆ ಅಂಗಡಿಯಲ್ಲಿ ದೊಡ್ಡದೊಂದು ಮರ್ಕ್ಯುರಿ ದೀಪ ತೂಗುಹಾಕಿದ ದಿನದಿಂದ ಎದುರಂಗಡಿಯ ಸೀರೆ ವ್ಯಾಪಾರಿ ಅಂದಪ್ಪನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಹೊಟ್ಟೆಕಿಚ್ಚಿಗೆ ತಾನೂ ದುಬಾರಿಯ ಮೆಟಲ್ ಹ್ಯಾಲೈಡ್ ದೀಪ ಹಾಕಿಸಿದ. ಹೆಂಗಸರು ಆ ಬೆಳಕಿನಲ್ಲಿ ದಾರಿ ನೋಡಿಕೊಂಡು ವಿರುಪಣ್ಣನ ಅಂಗಡಿ ಹೊಕ್ಕರು.

"ಅವನ ದೀಪದಾಗ ಏನೋ ಮಸಲತ್ತು ಐತಿ," ಎಂದ ಪಕ್ಕದ ಟೇಲರ್ ರಾಜಾಸಾಬ. "ಬಣ್ಣ ಏರಿಸಿ ತೋರಸ್ತಾನ. ಅಳತಿ ಮಾಡಿಸಿ ನೋಡ್ರಿ."

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಿಶಾತ ಮೇಡಂ ಬಳಿ ಬೆಳಕನ್ನು ಬಿಡಿಸಿ ಒಂದೊಂದು ಬಣ್ಣವನ್ನೂ ಅಳೆಯುವ ಯಂತ್ರವಿತ್ತು. ಅಂದಪ್ಪ ಕಾಡಿ ಬೇಡಿ ಅವರನ್ನು ಕರೆತಂದ. ವಿರುಪಣ್ಣ ತಕರಾರು ತೆಗೆಯಲಿಲ್ಲ. "ಅಳತಿ ಮಾಡ್ರಿ ಮೇಡಂ. ಅಂದಪ್ಪಣ್ಣ, ನೀವೂ ಕುಂದರ್ರಿ," ಎಂದು ಗಾದಿ ತೋರಿಸಿದ.

ಯಂತ್ರದ ಕಣ್ಣು ದೀಪದತ್ತ ತಿರುಗಿತೋ ಇಲ್ಲವೋ, ಕರೆಂಟು ಹೋಯಿತು. ಕೂಡಲೇ ಬಂದರೂ ದೀಪ ಮಾತ್ರ ಹತ್ತಲಿಲ್ಲ.

"ಬಿಸಿ ಇದ್ದಾಗ ಒಳಗಿನ ಗ್ಯಾಸಿನ ಒತ್ತಡ ಭಾಳ ಇರತೈತ್ರಿ," ಎಂದರು ಮೇಡಂ. "ತಣ್ಣಗಾಗೂತನಕ ಮತ್ತ ಹತ್ತೂದಿಲ್ಲ."

ದೀಪ ತಣಿಯುತ್ತ ಹೋಯಿತು, ಅಂದಪ್ಪ ಕಾಯುತ್ತ ಹೋದ. ವಿರುಪಣ್ಣನ ಚಹಾ ಕುಡಿಯುತ್ತ, ತನ್ನದೇ ಹಳೆಯ ಗಿರಾಕಿ ಶೇಖರಮ್ಮ ಅಲ್ಲಿ ಇಳಕಲ್ ಸೀರೆ ಆರಿಸುವುದನ್ನು ಕಣ್ಣಾರೆ ನೋಡಬೇಕಾಯಿತು.

"ಅಂದಪ್ಪ, ಈ ಸೆರಗ ಛಲೋ ಐತೇನು?" ಎಂದು ಆಕೆ ಕೇಳಿದಾಗ ಬಾಯಲ್ಲಿದ್ದ ಚಹಾ ಸೀಗೆಕಾಯಿಯ ಕಷಾಯವಾಯಿತು.

ಅಂತೂ ದೀಪ ಹತ್ತಿ ಅಳತೆಯಾಯಿತು. ಅಂದಪ್ಪನ ದೀಪದ್ದೂ ಆಯಿತು.

"ವಿರುಪಣ್ಣಾರ ದೀಪದಾಗ ಹಸಿರು, ನೀಲಿ, ಹಳದಿ ಅಷ್ಟ ಎದ್ದು ನಿಂತಾವ್ರಿ," ಎಂದರು ಮೇಡಂ. "ಕೆಂಪು ಇಲ್ಲ ಅನ್ನೂವಷ್ಟು ಕಮ್ಮಿ. ಕೆಂಪು ಸೀರಿ ಅಲ್ಲಿ ಮಂಕಾಗಿ ಕಾಣತೈತಿ. ನಿಮ್ಮದರಾಗ ಎಲ್ಲಾ ಬಣ್ಣ ಅದಾವು. ಸೀರಿ ಇದ್ದಂಗ ಕಾಣತಾವು."

ಅಂದಪ್ಪ ಕಾದ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿದ. "ರಾಜಾಸಾಬ, ಸೀರಿ ಅಸಲಿ ಬಣ್ಣ ನಮ್ಮ ಅಂಗಡ್ಯಾಗ ಅಷ್ಟ ಕಾಣತೈತಿ ಅಂತ ಎಲ್ಲಾರಿಗೂ ಹೇಳು."

ರಾಜಾಸಾಬನಿಗೆ ಅಷ್ಟು ಸಾಕಾಯಿತು. ಸಂಜೆಯ ಹೊತ್ತಿಗೆ ಅಂದಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅವನು ಸಡಗರದಿಂದ ಕಪಾಟು ತೆರೆಯಹೋದ.

ಶೇಖರಮ್ಮ ತಡೆದಳು. "ತ್ರಾಸ ತಗೋಬ್ಯಾಡಪಾ. ನಾವು ಬಣ್ಣ ನೋಡಾಕ ಬಂದೀವಿ."

ಎಲ್ಲರ ಕೈಯಲ್ಲೂ ವಿರುಪಣ್ಣನ ಸೀರೆಗಳು. ದೀಪದ ಕೆಳಗೆ ಬಿಚ್ಚಿ, ಹೊರಳಿಸಿ, ಖಾತ್ರಿ ಮಾಡಿಕೊಂಡು, ಕೊಳ್ಳಲು ಮತ್ತೆ ಎದುರಿಗೆ ಹೋದರು.

ಕೊನೆಗೆ ವಿರುಪಣ್ಣನೇ ರಸ್ತೆ ದಾಟಿ ಬಂದ.

"ಅಂದಪ್ಪಣ್ಣ, ನನ್ನ ದೀಪ ಬಿಚ್ಚಿ ಇಟ್ಟಬಿಟ್ಟೆ. ಸುಮ್ಮನ ಕರೆಂಟ್ ಯಾಕ ಸುಡೂದು. ನಾಳೆ ನೀವು ಸ್ವಲ್ಪ ಜಲ್ದಿ ಬಾಗಲಾ ತೆಗೀತೀರೇನ್ರಿ?"