ಮಂಗಲ ಕಾರ್ಯಾಲಯದಲ್ಲಿ ನನ್ನ ವೈರ್‌ಲೆಸ್ ಜಾಲ

ಸೊಲ್ಲಾಪುರದ ಕಾಲೇಜಿನಲ್ಲಿ ನಾನು ಕಲಿಸುವುದು ವೈರ್‌ಲೆಸ್ ಜಾಲ. ತನ್ನ ಸುತ್ತಲಿನದಷ್ಟೇ ಗೊತ್ತಿರುವ ಯಂತ್ರ ಯಾವಾಗ ಮಾತಾಡಬೇಕು, ಯಾವಾಗ ಬಾಯಿ ಮುಚ್ಚಬೇಕು ಎಂಬುದೇ ನನ್ನ ವಿಷಯ. ಇಂಥವನಿಗೆ ಅಕ್ಕಲಕೋಟೆಯಲ್ಲಿ ಮಗಳ ಮದುವೆಯ ಉಸ್ತುವಾರಿ ಏನು ಮಹಾ!

ಮದುವೆ ನಡೆಯುವ ಮಂಗಲ ಕಾರ್ಯಾಲಯದೊಳಗೆ ಮೊಬೈಲಿಗೆ ರೇಂಜ್ ಇರಲಿಲ್ಲ. ವಾಕಿಟಾಕಿ ಸೆಟ್ಟುಗಳನ್ನು ಬಾಡಿಗೆಗೆ ತಂದೆ. ಅಡುಗೆಯವರಿಗೊಂದು, ಮದುಮಗಳ ಕೋಣೆಯಲ್ಲಿದ್ದ ಅಕ್ಕನಿಗೊಂದು, ಹಿಂದಿನ ಗೇಟಿನಲ್ಲಿ ನಿಂತ ಹೆಂಡತಿಯ ತಮ್ಮ ಶಿವಾನಂದನಿಗೊಂದು. ಮುಂದಿನ ಗೇಟಿನಲ್ಲಿ, ಬ್ಯಾಂಡಿನೊಂದಿಗೆ, ಸ್ವತಃ ನಾನು. ಯಾರೇ ಮಾತಾಡಲಿ, ಉಳಿದವರೆಲ್ಲ "ಕೇಳಿಸಿತು" ಎನ್ನತಕ್ಕದ್ದು ಎಂದು ಕಟ್ಟಪ್ಪಣೆ ಹೊರಡಿಸಿದೆ.

ನಮ್ಮವರು ಅಷ್ಟಕ್ಕೇ ಬಿಡುವ ಜನವೇ?

"ಕೇಳಸ್ತ್ರಿ ಮಾಮಾ, ನಾಷ್ಟಾ ಆತೇನ್ರಿ?" ಎಂದ ಶಿವಾನಂದ.

ಅದು ಕೇಳಿಸಿತೆಂದು ಎಲ್ಲರೂ ಒಮ್ಮೆಗೇ ಹೇಳಿದರು. ಹಾಗಾಗಿ ಯಾರಿಗೂ ಏನೂ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದೂ ಎಲ್ಲರೂ ಒಮ್ಮೆಗೇ ಹೇಳಿದರು.

ಈ ಗದ್ದಲದಲ್ಲಿ ಮದುಮಗನ ಗಾಡಿ ಹಿಂದಿನ ಗೇಟಿಗೆ ಬಂದು ನಿಂತಿತು. ಶಿವಾನಂದ ಕೂಗಿ ಹೇಳಿದನಂತೆ. ನನ್ನ ಕಿವಿಗೆ ಬಿದ್ದದ್ದು ಅಡುಗೆಯವರ "ಚಹಾ ಕಳಸ್ಲೇನ್ರಿ?" ಒಂದೇ. ಆರತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಮದುಮಗ ಬಿಸಿಲಲ್ಲಿ ಬೇಯುತ್ತಿದ್ದ, ಬೀಗರು ಗಡಿಯಾರ ನೋಡುತ್ತಿದ್ದರು. ಮುಹೂರ್ತ ತಪ್ಪುವ ಹೊತ್ತಾಗಿತ್ತು. ನಾನು ಖಾಲಿ ರಸ್ತೆಗೆ ಬ್ಯಾಂಡು ಬಾರಿಸಲು ಹೇಳಿ ನಿಂತಿದ್ದೆ.

ಕಿಟಕಿಯಿಂದ ಗಾಡಿ ಕಂಡವಳು ನನ್ನ ಹೆಂಡತಿ ಗಿರಿಜಾ. ಆರತಿ ತಟ್ಟೆಯೊಡನೆ ಓಡಿ ಮದುಮಗನನ್ನು ಒಳಗೆ ಕರೆತಂದಳು. ಆಮೇಲೆ ಸೆಟ್ಟು ಹಿಡಿದವರ ಹತ್ತಿರ ತಾನೇ ಹೋಗಿ ಹೇಳಿದಳು: "ಮತ್ತೊಬ್ರು ಮಾತಾಡಾಕತ್ತಿದ್ರ ಸುಮ್ಮ ಇರ್ರಿ. ನಿಮ್ಮ ಮುಂದ ಏನರ ಅಡಚಣಿ ಬಂದ್ರಷ್ಟ ಹೇಳ್ರಿ. ಯಾರೂ ಮಾತಾಡ್ಲಿಲ್ಲಂದ್ರ ಎಲ್ಲಾ ಬರೋಬ್ಬರಿ ಐತಿ ಅಂತ ತಿಳ್ಕೋರಿ."

ಕೊನೆಗೆ ನನ್ನಲ್ಲಿಗೂ ಬಂದಳು. ಬ್ಯಾಂಡಿನವರನ್ನು ಮಂಟಪಕ್ಕೆ ಕಳಿಸಿ, ನನ್ನ ಸೆಟ್ಟನ್ನು ಇಸಿದುಕೊಂಡು ಹಿಂದೆಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟಳು.

ಗದ್ದಲ ನಿಂತೇ ಹೋಯಿತು! ಮಗಳು ವೇಳೆಗೆ ಸರಿಯಾಗಿ ಮಂಟಪಕ್ಕೆ ಬಂದಳು, ಅಕ್ಷತೆ ಮುಹೂರ್ತಕ್ಕೇ ಬಿತ್ತು. ನಾನು ಒಂದು ಸೆಮಿಸ್ಟರ್ ಪೂರ್ತಿ ಬೋರ್ಡು ತುಂಬಿಸಿ ಕಲಿಸುವುದನ್ನು ಈಕೆ ಮೂರು ಮಾತಲ್ಲಿ ಮುಗಿಸಿದ್ದಳು. ಹೆಮ್ಮೆಯಿಂದ ಕಣ್ಣು ತುಂಬಿತು. ಸೆಟ್ಟಿನಲ್ಲೇ ಅವಳನ್ನು ಬಾಯಿತುಂಬ ಹೊಗಳಿದೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಎಂಥ ಶಿಸ್ತು ಎಂದುಕೊಂಡು ಇನ್ನಷ್ಟು ಹೊಗಳಿದೆ.

ಊಟಕ್ಕೆ ಕೂತಾಗ ಸೆಟ್ಟು ಯಾಕೋ ಹಗುರವೆನಿಸಿತು. ಬಿಚ್ಚಿ ನೋಡಿದರೆ ಒಳಗೆ ಸೆಲ್ಲೇ ಇಲ್ಲ.

"ಉಳದವ್ರಿಗೆ ಹೇಳಿದ್ರ ಸಾಕಾತ್ರಿ," ಎಂದಳು ಗಿರಿಜಾ, ನನ್ನ ಹೋಳಿಗೆಗೆ ತುಪ್ಪ ಹಾಕುತ್ತ.